ನನ್ನ ಬೈಕು ಮತ್ತು ಬೆಳಗಾವಿಯ ಸೈಕಲ್ ಅಂಗಡಿ

ಹೋದ ವರ್ಷ ಶ್ರಾವಣದಲ್ಲಿ ನನ್ನ ಬೈಕು ಕಾಗವಾಡ ಮತ್ತು ಮಿರಜ್ ನಡುವಿನ ರಸ್ತೆಯಲ್ಲಿ ನಿಂತುಬಿಟ್ಟಿತು. ಕೆಟ್ಟು ನಿಂತಿದ್ದಲ್ಲ, ನಾನೇ ಕೆಡಿಸಿಟ್ಟಿದ್ದೆ. ಹಿಂದಿನ ರಾತ್ರಿ ಗೆಳೆಯನೊಬ್ಬನಿಂದ ಹ್ಯಾಂಡ್‌ಹೆಲ್ಡ್ ಟ್ಯೂನರ್ ಎಂಬ ಅಂಗೈಯಗಲದ ಉಪಕರಣ ತಂದು, ಬೈಕಿನ ಫ್ಯೂಯಲ್ ಇಂಜೆಕ್ಷನ್ ನಾನೇ ಸರಿ ಮಾಡುತ್ತೇನೆಂದು ಕುಳಿತಿದ್ದೆ. ಬೆಳಿಗ್ಗೆ ಹೊತ್ತಿಗೆ ಸೈಲೆನ್ಸರ್‌ನಿಂದ ಕಪ್ಪು ಹೊಗೆ. ಹತ್ತಾರು ಕಿಲೊಮೀಟರ್ ಹೋಗುವಷ್ಟರಲ್ಲಿ ಪ್ಲಗ್ ಮಸಿ ಹಿಡಿದು ಇಂಜಿನ್ ಬಂದ್.

ಬೈಕು ತಳ್ಳಿಕೊಂಡು ಒಂದು ಗ್ಯಾರೇಜಿಗೆ ಹೋದೆ. ಅಲ್ಲಿದ್ದ ವಯಸ್ಸಾದ ಮಿಸ್ತ್ರಿ ಕಾಕಾ ಪ್ಲಗ್ ಬಿಚ್ಚಿ ಒರೆಸಿ ಹಾಕಿದರು. ಸ್ವಲ್ಪ ದೂರ ಓಡಿಸಿಕೊಂಡು ಬಾ ಎಂದರು. ಬಂದ ಮೇಲೆ ಮತ್ತೆ ಬಿಚ್ಚಿ ನನ್ನ ಕೈಗೆ ಕೊಟ್ಟು, ತುದಿ ಯಾವ ಬಣ್ಣ ಆಗಿದೆ ಹೇಳು ಎಂದು ಕೇಳಿದರು. ಪೆಟ್ರೋಲ್ ಮತ್ತು ಗಾಳಿ ಸರಿಯಾಗಿ ಬೆರೆತು ಉರಿದರೆ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕೆ ಬರುತ್ತದೆ. ಪೆಟ್ರೋಲ್ ಹೆಚ್ಚಾದರೆ ಕರಿ, ಕಡಿಮೆಯಾದರೆ ಬಿಳಿಚು. ಹಳೆಯ ಮಿಸ್ತ್ರಿಗಳೆಲ್ಲ ಹೀಗೆಯೇ ಇಂಜಿನ್ನಿನ ನಾಡಿ ಹಿಡಿಯುತ್ತಾರೆ.

ನನಗೆ ಹೇಳಲು ಬರಲಿಲ್ಲ. ಕಂದೋ, ಹಸಿರೋ, ಬೂದಿಯೋ ಗೊತ್ತಾಗಲಿಲ್ಲ. ಕಾರಣ ನನಗೆ ತಿಳಿದಿತ್ತು, ಬೇರೆ ಯಾರಿಗೂ ತಿಳಿದಿರಲಿಲ್ಲ. ಅದಕ್ಕೂ ನಾಲ್ಕು ತಿಂಗಳ ಹಿಂದೆ ಒಂದು ಸರ್ಕಾರಿ ಹುದ್ದೆಗೆ ಲಿಖಿತ ಪರೀಕ್ಷೆ ಪಾಸಾಗಿ ವೈದ್ಯಕೀಯ ತಪಾಸಣೆಗೆ ಹೋಗಿದ್ದೆ. ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಇದರಲ್ಲಿ ಯಾವ ಅಂಕಿ ಕಾಣುತ್ತದೆ ಎಂದು ಕೇಳಿದ್ದರು. ಹೆಚ್ಚಿನ ಪುಟಗಳಲ್ಲಿ ನನಗೆ ಚುಕ್ಕೆ ಬಿಟ್ಟು ಏನೂ ಕಂಡಿರಲಿಲ್ಲ. ಮನೆಯಲ್ಲಿ ಇನ್ನೂ ಫಲಿತಾಂಶ ಬಂದಿಲ್ಲ ಎಂದು ಸುಳ್ಳು ಹೇಳಿದ್ದೆ. ಅವ್ವ ಮುಗಳಖೋಡದ ಮಠಕ್ಕೆ ಹರಕೆ ಹೊತ್ತಿದ್ದಳು.

ಇಂಥ ಹೊತ್ತಿನಲ್ಲಿ ನನ್ನ ಕೈ ಹಿಡಿದದ್ದು ಸತ್ತು ಎಷ್ಟೋ ದಶಕಗಳಾದ ಒಬ್ಬ ಮನುಷ್ಯ. ಅವರ ಹೆಸರು ನಮ್ಮ ಹೊಲದ ಗುಡಿಸಲಿನಲ್ಲೇ ಇತ್ತು.

ನಮ್ಮೂರು ಜುಗೂಳ. ಕೃಷ್ಣಾ ಹೊಳೆಯ ಈ ದಂಡೆಗೆ ನಾವು, ಆ ದಂಡೆಗೆ ಮಹಾರಾಷ್ಟ್ರದ ಖಿದ್ರಾಪುರ. ಸುತ್ತೆಲ್ಲ ಕಬ್ಬು. ಕರೆಂಟು ಸರಿಯಾಗಿಲ್ಲದ ಕಾಲದಲ್ಲಿ ಅಜ್ಜ ಹೊಳೆಯಿಂದ ನೀರೆತ್ತಲು ಒಂದು ಡೀಸೆಲ್ ಇಂಜಿನ್ ಇಟ್ಟಿದ್ದ. 2019ರ ಮಹಾಪೂರದಲ್ಲಿ ಅದು ಮುಳುಗಿ ಕೆಸರು ತುಂಬಿತು. ಆಮೇಲೆ ಯಾರೂ ಅದರ ಗೋಜಿಗೆ ಹೋಗಿರಲಿಲ್ಲ. ಬೈಕು ಕೆಡಿಸಿಕೊಂಡ ಆ ವಾರ ಸುಮ್ಮನೆ ಕುಳಿತಿರಲಾರದೆ ಅದರ ಕೆಸರು ಒರೆಸಿದೆ. ತುಕ್ಕಿನ ನಡುವೆ ಕಂಡ ಹೆಸರು ಕಿರ್ಲೋಸ್ಕರ್.

ನಮ್ಮ ಭಾಗದಲ್ಲಿ ಆ ಹೆಸರು ಕೇಳದವರಿಲ್ಲ. ಆದರೆ ಅದು ಒಬ್ಬ ಮನುಷ್ಯನ ಅಡ್ಡಹೆಸರು, ಆ ಮನುಷ್ಯ ನಮ್ಮ ಜಿಲ್ಲೆಯವನು ಎಂಬುದು ನನಗೆ ಗೊತ್ತಿರಲಿಲ್ಲ. ಡಿಪ್ಲೊಮಾದ ಮೂರು ವರ್ಷದಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಓದತೊಡಗಿದೆ.

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ ಊರೂ ಅದೇ. ಹುಡುಗ ಲಕ್ಷ್ಮಣನಿಗೆ ಶಾಲೆಯ ಓದಿನಲ್ಲಿ ಮನಸ್ಸಿರಲಿಲ್ಲ. ಅವನಿಗೆ ಬೇಕಾಗಿದ್ದು ಎರಡೇ, ಚಿತ್ರ ಬರೆಯುವುದು ಮತ್ತು ಯಂತ್ರ ಬಿಚ್ಚಿ ನೋಡುವುದು. ತಂದೆಗೆ ಎರಡೂ ಒಪ್ಪಿಗೆಯಿರಲಿಲ್ಲ. ಆದರೆ ಅಣ್ಣ ರಾಮಚಂದ್ರ, ಮನೆಮಂದಿ ಕರೆಯುತ್ತಿದ್ದಂತೆ ರಾಮುಅಣ್ಣ, ಖರ್ಚಿನ ಹೊಣೆ ಹೊತ್ತು ತಮ್ಮನನ್ನು ಮುಂಬೈಗೆ ಕಳಿಸಿದ. 1885ರಲ್ಲಿ ಹದಿನಾರು ವರ್ಷದ ಲಕ್ಷ್ಮಣ ಜೆ.ಜೆ. ಕಲಾಶಾಲೆ ಸೇರಿದ.

ಎರಡು ವರ್ಷ ಕಳೆಯಿತು. ಆಗ ಗೊತ್ತಾಯಿತು, ಅವರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುವುದಿಲ್ಲ ಎಂದು. ಭಾಗಶಃ ಬಣ್ಣಗುರುಡು.

ಈ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಕುಳಿತೆ. ಚಿತ್ರಕಾರನಾಗಬೇಕೆಂದು ತಂದೆಯ ಮಾತು ಮೀರಿ, ಅಣ್ಣನ ದುಡ್ಡಿನಲ್ಲಿ ಮುಂಬೈಗೆ ಹೋದವನಿಗೆ, ನಿನಗೆ ಬಣ್ಣ ಕಾಣುವುದಿಲ್ಲ ಎಂದು ತಿಳಿದರೆ ಹೇಗಾಗಿರಬೇಕು? ಅವರು ಆ ರಾತ್ರಿ ಏನು ಯೋಚಿಸಿದರೋ ನನಗೆ ಗೊತ್ತಿಲ್ಲ. ಮಾಡಿದ್ದು ಮಾತ್ರ ಗೊತ್ತು. ಬಣ್ಣದ ಚಿತ್ರ ಬಿಟ್ಟರು, ಯಂತ್ರಗಳ ರೇಖಾಚಿತ್ರ ಹಿಡಿದರು. ಮೆಕ್ಯಾನಿಕಲ್ ಡ್ರಾಯಿಂಗಿಗೆ ಬೇಕಾದದ್ದು ಗೆರೆ ಮತ್ತು ಅಳತೆ. ಅಲ್ಲಿ ಬಣ್ಣಕ್ಕೆ ಕೆಲಸವಿಲ್ಲ. ಕಾಣದ ಬಣ್ಣಕ್ಕಾಗಿ ಅಳುತ್ತ ಕೂರದೆ, ಕಾಣುವ ಗೆರೆಯನ್ನೇ ನಂಬಿದರು.

ಆ ಕೈಚಳಕದಿಂದಲೇ ಮುಂಬೈಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಡ್ರಾಯಿಂಗ್ ಕಲಿಸುವ ಸಹಾಯಕ ಶಿಕ್ಷಕರ ಕೆಲಸ ಸಿಕ್ಕಿತು. ಪಾಠ ಮುಗಿದ ಮೇಲೆ ಅವರು ಮನೆಗೆ ಹೋಗುತ್ತಿರಲಿಲ್ಲ, ಸಂಸ್ಥೆಯ ವರ್ಕ್‌ಶಾಪಿನಲ್ಲಿ ಇರುತ್ತಿದ್ದರು. ಅಲ್ಲಿನ ಯಂತ್ರಗಳು ಹೇಗೆ ಓಡುತ್ತವೆ, ಎಲ್ಲಿ ಸವೆಯುತ್ತವೆ, ಹೇಗೆ ರಿಪೇರಿಯಾಗುತ್ತವೆ ಎಂಬುದನ್ನು ಯಾರೂ ಹೇಳಿಕೊಡದೆ, ಕೈಯಿಟ್ಟು ಕಲಿತರು. ಎಂಜಿನಿಯರಿಂಗ್ ಡಿಗ್ರಿ ಅವರ ಬಳಿ ಎಂದೂ ಇರಲಿಲ್ಲ.

ಆ ದಿನಗಳಲ್ಲಿ ಸೈಕಲ್ ಎಂದರೆ ಹೊಸ ಅಚ್ಚರಿ. ಮುಂಬೈಯಲ್ಲಿ ಸೈಕಲ್ ತುಳಿಯುವವನನ್ನು ಕಂಡ ಲಕ್ಷ್ಮಣರಾಯರಿಗೆ ಹೊಳೆದದ್ದು ವ್ಯಾಪಾರ. 1888ರಲ್ಲಿ ಅಣ್ಣ ತಮ್ಮ ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ತಮ್ಮ ಮುಂಬೈಯಲ್ಲಿ ಸೈಕಲ್ ಕೊಂಡು ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು, ಕೊಂಡವರಿಗೆ ತುಳಿಯಲು ಕಲಿಸುವುದು, ಕೆಟ್ಟರೆ ರಿಪೇರಿ ಮಾಡುವುದು. ಮುಂದೆ ದೇಶದ ತುಂಬ ಪಂಪು, ಇಂಜಿನ್, ಮೋಟರು ಕೊಟ್ಟ ಉದ್ಯಮ ತನ್ನ ಹುಟ್ಟಿದ ವರ್ಷ ಎಂದು ಇಂದಿಗೂ ಬರೆದುಕೊಳ್ಳುವುದು ಈ 1888ನ್ನೇ. ಬೆಳಗಾವಿಗೆ ಹೋದಾಗ ನಾವೆಲ್ಲ ಕಿರ್ಲೋಸ್ಕರ್ ರಸ್ತೆಯಲ್ಲಿ ಓಡಾಡುತ್ತೇವೆ. ಆ ಹೆಸರಿನ ಬೇರು ಒಂದು ಸೈಕಲ್ ರಿಪೇರಿ ಅಂಗಡಿ ಎಂದು ಎಷ್ಟು ಜನಕ್ಕೆ ಗೊತ್ತು?

ಮುಂಬೈಯ ಕೆಲಸ ಹೆಚ್ಚು ಕಾಲ ಉಳಿಯಲಿಲ್ಲ. ತಮಗೆ ಬರಬೇಕಾಗಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರಿಗೆ ಹೋದಾಗ ಲಕ್ಷ್ಮಣರಾಯರು ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಸಂಬಳದ ಕೆಲಸ ಬಿಟ್ಟು ಊರಿಗೆ ಬಂದ ಮಗನನ್ನು ಊರು ಹೇಗೆ ನೋಡುತ್ತದೆ ಎಂಬುದನ್ನು ನಾನು ಬೇರೆ ಹೇಳಬೇಕಿಲ್ಲ.

ಬೆಳಗಾವಿಯಲ್ಲಿ ಅವರು ಮೊದಲು ಮಾಡಿದ್ದು ಮೇವು ಕತ್ತರಿಸುವ ಯಂತ್ರ. ಎತ್ತಿಗೆ ಕಣಿಕಿ ಇಡಿಯಾಗಿ ಹಾಕಿದರೆ ಅರ್ಧ ತಿಂದು ಅರ್ಧ ತುಳಿದು ಹಾಳು ಮಾಡುತ್ತದೆ, ಕತ್ತರಿಸಿ ಹಾಕಿದರೆ ಪೂರ್ತಿ ತಿನ್ನುತ್ತದೆ. ದನ ಕಟ್ಟಿದ ಮನೆಯವರಿಗೆ ಇದರ ಬೆಲೆ ಗೊತ್ತು. ಆಮೇಲೆ ಕಬ್ಬಿಣದ ನೇಗಿಲು. ಮರದ ನೇಗಿಲು ಮೇಲ್ಮಣ್ಣು ಗೀರುತ್ತ ಹೋಗುತ್ತದೆ. ಕಬ್ಬಿಣದ್ದು ಆಳಕ್ಕಿಳಿದು ಮಣ್ಣನ್ನು ಮಗುಚಿ ಹಾಕುತ್ತದೆ. ಲಕ್ಷ್ಮಣರಾಯರು 40 ನೇಗಿಲು ಮಾಡಿಟ್ಟರು. ಒಂದೂ ಮಾರಾಟವಾಗಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದರು. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು.

ಎರಡು ವರ್ಷ! ನಾನು ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತ ಕಳೆದದ್ದೂ ಅಷ್ಟೇ. ವ್ಯತ್ಯಾಸವೆಂದರೆ ನಾನು ಆ ಎರಡು ವರ್ಷ ಜಗತ್ತನ್ನು ಬೈಯುತ್ತ ಕಳೆದಿದ್ದೆ. ಅವರು ನೇಗಿಲಿನ ದಾರಿ ಬಿಡಲಿಲ್ಲ. ಕೊನೆಗೆ ಹೊಲದಲ್ಲಿ ಹೂಡಿ ನೋಡಿದವರೇ ಬಂದು ಕೇಳುವಂತಾಯಿತು.

ಕೆಲಸ ಹಳಿಗೆ ಬರುವಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಊರು ಬೆಳೆಸುವುದಕ್ಕಾಗಿ ಕಾರ್ಖಾನೆಯ ಜಾಗ ಬಿಡಬೇಕೆಂದು ಬೆಳಗಾವಿ ನಗರಸಭೆ ಹೇಳಿತು. ಯಂತ್ರ ಹೊತ್ತು ಎಲ್ಲಿಗೆ ಹೋಗುವುದು? ಆಗ ಕೈಕೊಟ್ಟವರು ಔಂಧ್ ಸಂಸ್ಥಾನದ ರಾಜರು. ಹತ್ತು ಸಾವಿರ ರೂಪಾಯಿ ಸಾಲವನ್ನೂ, ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಜಾಗವನ್ನೂ ಕೊಟ್ಟರು. ಜಾಗ ಎಂದರೆ ಎಂಥದು? ಬರಡು ನೆಲ, ಪಾಪಾಸುಕಳ್ಳಿ, ನಾಗರಹಾವು. 1910ರಲ್ಲಿ ಅಲ್ಲಿ ಕೆಲಸ ಶುರುವಾಯಿತು. ಲಕ್ಷ್ಮಣರಾಯರಿಗೆ ಆಗ ನಲವತ್ತು ದಾಟಿತ್ತು. ನಾವು ಇಪ್ಪತ್ತೈದಕ್ಕೇ ವಯಸ್ಸು ಮೀರಿತೆಂದು ಕೈ ಚೆಲ್ಲುತ್ತೇವೆ. ಅವರು ನಲವತ್ತರ ಮೇಲೆ ಕಳ್ಳಿ ಕಡಿದು ಊರು ಕಟ್ಟಿದರು. ಅದೇ ಕಿರ್ಲೋಸ್ಕರವಾಡಿ.

ನನಗೆ ಕಾರ್ಖಾನೆಗಿಂತ ಹೆಚ್ಚು ಹಿಡಿಸಿದ್ದು ಅಲ್ಲಿ ಅವರು ಸೇರಿಸಿದ ಜನ. ಮೆಟ್ರಿಕ್ ಫೇಲಾದ ಕೆ.ಕೆ. ಕುಲಕರ್ಣಿ ವ್ಯವಸ್ಥಾಪಕರಾದರು. ಶಾಲೆ ಬಿಟ್ಟಿದ್ದ ಅನಂತರಾವ್ ಫಳಣೀಕರ್ ಹೊಸದನ್ನು ಕಲ್ಪಿಸಬಲ್ಲ ಎಂಜಿನಿಯರ್ ಆದರು. ಬೇರೆ ಕಡೆ ಕೆಲಸ ಕಳೆದುಕೊಂಡಿದ್ದ ಮೆಕ್ಯಾನಿಕ್ ಶಂಭುರಾವ್ ಜಾಂಭೇಕರ್ ಯಂತ್ರಗಳ ಹೊಣೆ ಹೊತ್ತರು. ದರೋಡೆಗೆ ಹೆಸರಾಗಿದ್ದ ಇಬ್ಬರು ಆ ಊರಿನ ನಂಬಿಕೆಯ ಕಾವಲುಗಾರರಾದರು. ಊರಿನೊಳಗೆ ಅಸ್ಪೃಶ್ಯತೆಗೆ ಜಾಗವಿಲ್ಲ ಎಂದು ಲಕ್ಷ್ಮಣರಾಯರು ನಿಯಮವನ್ನೇ ಮಾಡಿದ್ದರು. ಇನ್ನೊಬ್ಬರ ಸರ್ಟಿಫಿಕೇಟು ನೋಡುವ ಮೊದಲು ಅವರ ಕೈ ನೋಡುವ ಗುಣ ಅವರಿಗೆ ಎಲ್ಲಿಂದ ಬಂತು? ತಾನೂ ಒಮ್ಮೆ ಹಿಡಿದ ದಾರಿ ಬಿಡಬೇಕಾಗಿ ಬಂದವನು ಎಂಬ ನೆನಪಿನಿಂದ ಬಂದಿರಬಹುದು ಎಂದು ನನಗೆ ಅನಿಸುತ್ತದೆ.

ನೇಗಿಲಿನ ಜೊತೆ ಕಬ್ಬು ಅರೆಯುವ ಗಾಣ, ಶೇಂಗಾ ಸುಲಿಯುವ ಯಂತ್ರ, ಕೈಪಂಪು ಬಂದವು. ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ 1926ರಲ್ಲಿ ಪದವಿ ಪಡೆದು ಮರಳಿದರು. 1941ರಲ್ಲಿ ನಮ್ಮ ಹರಿಹರದಲ್ಲಿ ಲೇತ್ ಮುಂತಾದ ಯಂತ್ರೋಪಕರಣ ಮಾಡುವ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟರಿನ ಕಂಪನಿ, ಅದೇ ವರ್ಷ ಪುಣೆಯಲ್ಲಿ ಡೀಸೆಲ್ ಇಂಜಿನ್ ಕಂಪನಿ. ಅಜ್ಜನ ಗುಡಿಸಲಿಗೆ ಆ ಹೆಸರು ಬಂದದ್ದು ಈ ದಾರಿಯಲ್ಲಿ. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. 1969ರಲ್ಲಿ, ಅವರು ಹುಟ್ಟಿ ನೂರು ವರ್ಷವಾದಾಗ, ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಈಗ ನನ್ನ ಬೈಕಿಗೆ ಬರುತ್ತೇನೆ.

2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ನಮ್ಮ ಊರಿಗೆ ಇಂಜೆಕ್ಷನ್ ಹೊಸದೇನಲ್ಲ. ಅಜ್ಜನ ಡೀಸೆಲ್ ಇಂಜಿನ್ನಿನಲ್ಲೂ ಪಂಪು ಎಣ್ಣೆಯನ್ನು ಒತ್ತಿ ನಾಜಲ್‌ನಿಂದ ಸಿಂಪಡಿಸುತ್ತಿತ್ತು. ಅಲ್ಲಿ ಎಷ್ಟು ಎಣ್ಣೆ ಎಂಬುದನ್ನು ಕಬ್ಬಿಣದ ಭಾಗಗಳೇ ನಿರ್ಧರಿಸುತ್ತಿದ್ದವು. ಬೈಕಿನಲ್ಲಿ ಅದನ್ನು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಥ್ರಾಟಲ್ ಎಷ್ಟು ತೆರೆದಿದೆ, ಗಾಳಿಯ ಒತ್ತಡ ಎಷ್ಟು, ಇಂಜಿನ್ ಎಷ್ಟು ಕಾದಿದೆ, ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಸೆನ್ಸರ್‌ಗಳಿಂದ ಕೇಳಿ, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆಯಬೇಕೆಂದು ಲೆಕ್ಕ ಹಾಕುತ್ತದೆ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಲೆಕ್ಕದ ಮೂಲ ಅದು. ಟ್ಯೂನರ್ ಮಾಡುವುದಿಷ್ಟೇ, ಈ ಲೆಕ್ಕದ ಪಟ್ಟಿಯ ಒಂದೊಂದು ಮನೆಯಲ್ಲಿ ಪೆಟ್ರೋಲನ್ನು ಶೇಕಡಾ ಇಷ್ಟು ಹೆಚ್ಚು ಅಥವಾ ಕಡಿಮೆ ಮಾಡಲು ಬಿಡುವುದು.

ನಾನು ಮಾಡಿದ ತಪ್ಪೇನು? ಸೆಕೆಂಡ್‌ಹ್ಯಾಂಡ್ ಬೈಕು. ಹಿಂದಿನ ಮಾಲೀಕ ಸೈಲೆನ್ಸರ್ ಬದಲಿಸಿದ್ದ. ಥ್ರಾಟಲ್ ಬಿಟ್ಟಾಗ ಪಟಪಟ ಸದ್ದು, ನಿಧಾನಕ್ಕೆ ಹೋಗುವಾಗ ಜಗ್ಗಾಟ. ಕಾರಣ ಹುಡುಕದೆ ಎಲ್ಲ ಮನೆಗಳಲ್ಲೂ ಒಮ್ಮೆಲೇ ಶೇ 10 ಏರಿಸಿಬಿಟ್ಟೆ. ಮೂಲ ಪಟ್ಟಿಯನ್ನು ಬರೆದಿಟ್ಟುಕೊಳ್ಳಲೂ ಇಲ್ಲ. ಪುಣ್ಯಕ್ಕೆ ಉಪಕರಣವೇ ಮೊದಲ ಸಲ ಓದಿದ್ದನ್ನು ತನ್ನೊಳಗೆ ಇಟ್ಟುಕೊಂಡಿತ್ತು.

ಲಕ್ಷ್ಮಣರಾಯರ ಕಥೆ ಓದಿದ ಮೇಲೆ ಮೊದಲಿನಿಂದ ಶುರು ಮಾಡಿದೆ. ಮೂಲ ಪಟ್ಟಿ ಮರಳಿ ಹಾಕಿದೆ. ಹಳೆಯ ಕಂಪನಿ ಸೈಲೆನ್ಸರನ್ನು ಹುಡುಕಿ ತಂದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆ. ಏರ್ ಫಿಲ್ಟರ್ ಬದಲಿಸಿದೆ, ಮಸಿ ಕಟ್ಟಿದ್ದ ಥ್ರಾಟಲ್ ಬಾಡಿ ಸ್ವಚ್ಛ ಮಾಡಿದೆ, ಟ್ಯಾಪೆಟ್ ಅಳತೆ ನೋಡಿಸಿದೆ. ಮುಕ್ಕಾಲು ಪಾಲು ತೊಂದರೆ ಅಲ್ಲಿಗೇ ಹೋಯಿತು. ಟ್ಯೂನರ್‌ಗೆ ಉಳಿದ ಕೆಲಸ ಬಹಳ ಕಡಿಮೆ.

ಆದರೂ ಆ ಕಡಿಮೆ ಕೆಲಸದಲ್ಲಿ ನನಗೊಂದು ದೊಡ್ಡ ಸಂಗತಿ ಸಿಕ್ಕಿತು. ಪ್ಲಗ್ಗಿನ ಬಣ್ಣ ನನಗೆ ಕಾಣುವುದಿಲ್ಲ, ಟ್ಯೂನರ್ ಪರದೆಯ ಅಂಕಿ ಕಾಣುತ್ತದೆ. ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ 0.45ರ ಕೆಳಗಿದ್ದರೆ ಪೆಟ್ರೋಲ್ ಕಡಿಮೆ, ಮೇಲಿದ್ದರೆ ಹೆಚ್ಚು. ಒಂದು ವಹಿ ಮಾಡಿದೆ. ಇಂಜಿನ್ ಪೂರ್ತಿ ಕಾದ ಮೇಲೆ ಮಾತ್ರ ನೋಡುವುದು. ಒಮ್ಮೆಗೆ ಒಂದೇ ಜಾಗ ಬದಲಿಸುವುದು, ಅದೂ ಶೇ 2ಕ್ಕಿಂತ ಹೆಚ್ಚಲ್ಲ. ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ, ನಿಲ್ಲಿಸಿ, ಬರೆಯುವುದು. ಒಂದೇ ವೇಗದಲ್ಲಿ ಹೋಗುವಾಗ ಇಸಿಯು ತಾನೇ ಸೆನ್ಸರ್ ನೋಡಿ ತಿದ್ದಿಕೊಳ್ಳುತ್ತದೆ, ಅಲ್ಲಿ ನಾವು ಹಾಕಿದ್ದು ಉಳಿಯುವುದಿಲ್ಲ ಎಂಬುದೂ ವಹಿಯಿಂದಲೇ ತಿಳಿಯಿತು. ಪೆಟ್ರೋಲ್ ಹೆಚ್ಚಾದರೆ ಮಸಿ, ದುಡ್ಡು ದಂಡ. ಕಡಿಮೆಯಾದರೆ ಇಂಜಿನ್ ಅತಿಯಾಗಿ ಕಾದು ಪಿಸ್ಟನ್ನಿಗೇ ಅಪಾಯ. ಕೈಹಾಕಿದರೆ ವಾರಂಟಿ ಹೋಗಬಹುದು, ಹೊಗೆ ಮಿತಿ ಮೀರಿದರೆ ಕಾನೂನೂ ಬಿಡುವುದಿಲ್ಲ. ಕೊನೆಗೆ ಬದಲಿಸಿದ್ದು ಕೆಳ ಆರ್‌ಪಿಎಂನ ಮೂರು ಮನೆ ಮಾತ್ರ. ಜಗ್ಗಾಟ ನಿಂತಿತು. ಹೊಗೆ ತಪಾಸಣೆಯಲ್ಲೂ ಬೈಕು ಪಾಸಾಯಿತು. ಮಿಸ್ತ್ರಿ ಕಾಕಾ ಪ್ಲಗ್ ಬಿಚ್ಚಿ ನೋಡಿ, ಬಣ್ಣ ಸರಿಯಾಗಿದೆ ಎಂದರು. ನಾನು ಅವರಿಗೆ ನನ್ನ ವಹಿ ತೋರಿಸಿದೆ. ಆಗಲೇ ನನ್ನ ಕಣ್ಣಿನ ವಿಷಯವನ್ನೂ ಹೇಳಿದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆ ಭಾನುವಾರ ಬೈಕು ತೆಗೆದುಕೊಂಡು ಮಿರಜ್, ಸಾಂಗಲಿ ದಾಟಿ ಕಿರ್ಲೋಸ್ಕರವಾಡಿಗೆ ಹೋದೆ. ಕುಂಡಲ್ ರೋಡ್ ಎಂದಿದ್ದ ನಿಲ್ದಾಣದ ಬೋರ್ಡಿನ ಮೇಲೆ ಈಗ ಕಿರ್ಲೋಸ್ಕರವಾಡಿ ಎಂದೇ ಇದೆ. ಅದರ ಕೆಳಗೆ ಸ್ವಲ್ಪ ಹೊತ್ತು ನಿಂತೆ. ಬೋರ್ಡಿನ ಅಕ್ಷರ ಯಾವ ಬಣ್ಣವೆಂದು ಯಾರಾದರೂ ಕೇಳಿದ್ದರೆ ತಡವರಿಸುತ್ತಿದ್ದೆನೇನೋ. ಅಕ್ಷರ ಮಾತ್ರ ಸ್ಪಷ್ಟವಾಗಿ ಓದಿದೆ.

ಸಂಜೆ ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ನಾಲ್ಕೈದು ತಿಂಗಳು ಹೇಳಿದ ಸುಳ್ಳನ್ನೂ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ಚಿಕ್ಕವನಿದ್ದಾಗ ನೀನು ಮಾಗಿದ ಟೊಮ್ಯಾಟೊ ಬಿಟ್ಟು ಕಾಯಿ ಕಿತ್ತು ತರುತ್ತಿದ್ದೆ, ಅದಕ್ಕೆ ನಾನು ಹೊಡೆದಿದ್ದೆ ಎಂದ. ಮತ್ತೇನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಅಜ್ಜನ ಇಂಜಿನ್ನಿನ ಸ್ಪ್ಯಾನರ್ ಚೀಲವನ್ನು ನನ್ನ ಬೈಕಿನ ಮೇಲೆ ಇಟ್ಟು ಹೋಗಿದ್ದ.

ಈಗ ನಾನು ಡೀಸೆಲ್ ಪಂಪು, ಇಂಜೆಕ್ಟರ್ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದೇನೆ. ಸಂಬಳ ಕಡಿಮೆ. ಬಣ್ಣದ ಪರೀಕ್ಷೆಯಿಲ್ಲದ ಹುದ್ದೆಗಳಿಗೆ ಅರ್ಜಿ ಹಾಕುವುದನ್ನೂ ಬಿಟ್ಟಿಲ್ಲ. ಅಜ್ಜನ ಇಂಜಿನ್ ಇನ್ನೂ ಪೂರ್ತಿ ಸರಿಯಾಗಿಲ್ಲ. ನಾಜಲ್ ಬಿಚ್ಚಿ ತೊಳೆದಿದ್ದೇನೆ, ಪಂಪಿನ ಕೆಲಸ ಬಾಕಿಯಿದೆ. ನಿಮ್ಮಲ್ಲೂ ಯಾರಿಗಾದರೂ ಕಣ್ಣೋ, ಎತ್ತರವೋ, ವಯಸ್ಸೋ ಅಡ್ಡಬಂದು ಒಂದು ಬಾಗಿಲು ಮುಚ್ಚಿದ್ದರೆ, ಮೊದಲು ಮನೆಯಲ್ಲಿ ಹೇಳಿಬಿಡಿ. ಆಮೇಲೆ ಒಂದು ವಹಿ ತೆಗೆದುಕೊಂಡು, ನಿಮಗೆ ಏನು ಕಾಣುತ್ತದೆ ಎಂಬುದನ್ನು ಬರೆಯಲು ಶುರು ಮಾಡಿ.